ಮ್ಯಾಂಚೆಸ್ಟರಿನ ಹತ್ತಿಯ ಚೌಕ

ಸೇಂಟ್ ಆ್ಯನ್ಸ್ ಚರ್ಚಿನ ಗೋಡೆಯನ್ನು ಬಿಸಿಲು ಬಿದ್ದಾಗ ನೋಡಬೇಕು. ಮ್ಯಾಂಚೆಸ್ಟರಿನಲ್ಲಿ ಬಿಸಿಲು ಅಪರೂಪ. ಆದರೂ ಮೇ, ಜೂನ್ ತಿಂಗಳ ಮಧ್ಯಾಹ್ನ ಮೋಡ ಸರಿದರೆ ಆ ಗೋಡೆಯ ಕಲ್ಲುಗಳು ಒಂದೊಂದಾಗಿ ತಮ್ಮ ಬಣ್ಣ ತೋರಿಸತೊಡಗುತ್ತವೆ. ಒಂದು ಕಲ್ಲು ನೇರಳೆ ಛಾಯೆಯ ಕೆಂಪು, ಪಕ್ಕದ್ದು ಇಟ್ಟಿಗೆ ಬಣ್ಣ, ಅದರ ಮೇಲಿನದು ಮಾಸಲು ಗುಲಾಬಿ, ಇನ್ನೊಂದು ಗೋಧಿ ಬಣ್ಣ. ನಮ್ಮ ಧಾರವಾಡದ ಕಡೆ ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಹೊಲಿಯುವ ಕೌದಿಯ ಹಾಗೆ ಕಾಣುತ್ತದೆ ಇಡೀ ಗೋಡೆ. ಈ ಚರ್ಚನ್ನು ಮೊದಲು ಕಟ್ಟಿದ್ದು ಹತ್ತಿರದ ಕಾಲಿಹರ್ಸ್ಟ್ ಗಣಿಯ ಮರಳುಗಲ್ಲಿನಿಂದ. ಆ ಕಲ್ಲು ಮೆದು. ಗಿರಣಿಗಳ ಹೊಗೆ, ಮಸಿ, ಬಿಡದೆ ಸುರಿಯುವ ಮಳೆ ಮೂರೂ ಸೇರಿ ಅದನ್ನು ತಿಂದವು. 19ನೇ ಶತಮಾನದ ಕೊನೆಗೆ, ಊರಿನ ಟೌನ್‌ಹಾಲ್ ಕಟ್ಟಿದ ವಾಸ್ತುಶಿಲ್ಪಿ ಆಲ್ಫ್ರೆಡ್ ವಾಟರ್‌ಹೌಸ್ ಇದರ ಜೀರ್ಣೋದ್ಧಾರಕ್ಕೆ ಕೈಹಾಕಿದ. ಸವೆದ ಕಲ್ಲು ತೆಗೆದು ಬೇರೆ ಗಣಿಗಳ ಕಲ್ಲು ಕೂರಿಸುತ್ತ ಬಂದಿದ್ದರಿಂದ ಗೋಡೆಗೆ ಈ ಬಣ್ಣಗಳು ಬಂದಿವೆ. ಮಸಿ ಬಳಿದ ಹತ್ತಿಯ ಊರಿನ ಕತೆ ಇಲ್ಲಿಂದಲೇ ಓದಲು ಸಿಗುತ್ತದೆ.

ಚರ್ಚಿನ ಗೋಪುರದ ಬುಡದಲ್ಲಿ ಭೂಮಾಪಕರು ಕಲ್ಲಿನಲ್ಲಿ ಕೆತ್ತಿದ ಒಂದು ಸಣ್ಣ ಗುರುತಿದೆ. ಊರಿನ ನಡುಮಧ್ಯ ಇದೇ ಎಂದು ಇಲ್ಲಿಯವರ ಎಣಿಕೆ. ಅಲ್ಲಿ ಬೆನ್ನು ಮಾಡಿ ನಿಂತರೆ ಉದ್ದಕ್ಕೆ ಚಾಚಿದ ಸೇಂಟ್ ಆ್ಯನ್ಸ್ ಚೌಕ ಪೂರ್ತಿ ಕಾಣುತ್ತದೆ. ವಾಹನಗಳಿಲ್ಲ. ನೆಲಕ್ಕೆ ಕಲ್ಲು ಹಾಸಿದೆ, ಎರಡೂ ಬದಿಗೆ ನಾಲ್ಕೈದು ಅಂತಸ್ತಿನ ಹಳೆಯ ಕಟ್ಟಡಗಳು, ಅವುಗಳ ಕೆಳಗೆ ಆಭರಣ, ಬಟ್ಟೆ, ಚಪ್ಪಲಿ ಅಂಗಡಿಗಳು. ಬಲಗಡೆಗೆ, ಚೌಕದ ಆ ತುದಿಯಲ್ಲಿ, ಉಳಿದೆಲ್ಲವನ್ನೂ ಚಿಕ್ಕದು ಮಾಡಿ ನಿಂತಿರುವ ಭಾರೀ ಕಟ್ಟಡವೇ ರಾಯಲ್ ಎಕ್ಸ್‌ಚೇಂಜ್. ಒಂದು ಕಾಲಕ್ಕೆ ಜಗತ್ತಿನ ನೂಲು, ಬಟ್ಟೆಯ ವ್ಯಾಪಾರದ ದೊಡ್ಡ ಪಾಲು ಅದರ ಛಾವಣಿಯ ಕೆಳಗೆ ಕುದುರುತ್ತಿತ್ತು.

ಇದೆಲ್ಲ ಮೊದಲು ಹೊಲ. ಏಕರ್ಸ್‌ಫೀಲ್ಡ್ ಎಂದು ಹೆಸರು. 1227ರಲ್ಲಿ ಮೂರನೇ ಹೆನ್ರಿ ದೊರೆ ಮ್ಯಾಂಚೆಸ್ಟರಿನ ಜಹಗೀರುದಾರ ರಾಬರ್ಟ್ ಗ್ರೆಲಿಗೆ ಜಾತ್ರೆ ನಡೆಸುವ ಹಕ್ಕುಪತ್ರ ಕೊಟ್ಟ. ಸೆಪ್ಟೆಂಬರಿನಲ್ಲಿ, ಸೇಂಟ್ ಮ್ಯಾಥ್ಯೂ ಹಬ್ಬದ ಹೊತ್ತಿಗೆ ಜಾತ್ರೆ. ಅಷ್ಟರೊಳಗೆ ಹೊಲದ ಪೈರು ಕೊಯ್ದು ಮುಗಿಸಿ ಜಾಗ ತೆರವು ಮಾಡಬೇಕು. ದನ, ಕುದುರೆ, ಉಣ್ಣೆ, ಮಣ್ಣಿನ ಪಾತ್ರೆ ಎಲ್ಲ ಅಲ್ಲಿಗೆ ಬರುತ್ತಿತ್ತು. ಮುಂದೆ 1708ರಲ್ಲಿ ಅದೇ ಹೊಲದಲ್ಲಿ ಚರ್ಚು ಕಟ್ಟಲು ಪಾರ್ಲಿಮೆಂಟಿನಲ್ಲಿ ಕಾಯಿದೆಯಾದಾಗ, ಜಾತ್ರೆಗೆಂದು 30 ಗಜ ಅಗಲದ ಜಾಗ ಖಾಲಿ ಬಿಡಬೇಕೆಂದು ಕಾಯಿದೆಯಲ್ಲೇ ಬರೆದರು. ಈ ಚೌಕ ಇವತ್ತು ಚೌಕವಾಗಿ ಉಳಿದಿದ್ದರೆ ಅದಕ್ಕೆ ಆ ಒಂದು ಕಲಮು ಕಾರಣ. ಅದಿಲ್ಲದಿದ್ದರೆ ಇಷ್ಟು ಬೆಲೆಬಾಳುವ ಜಾಗವನ್ನು ವ್ಯಾಪಾರಸ್ಥರು ಖಾಲಿ ಬಿಡುತ್ತಿರಲಿಲ್ಲ. ಜಾತ್ರೆ ಮಾತ್ರ 1823ರ ತನಕ ಇಲ್ಲೇ ನಡೆದು ಆಮೇಲೆ ಬೇರೆ ಕಡೆಗೆ ಹೋಯಿತು.

ಚರ್ಚು ಕಟ್ಟಿಸಿದವಳು ಲೇಡಿ ಆ್ಯನ್ ಬ್ಲ್ಯಾಂಡ್ ಎಂಬ ಶ್ರೀಮಂತ ಮಹಿಳೆ. 1712ರಲ್ಲಿ ಪ್ರತಿಷ್ಠಾಪನೆಯಾಯಿತು. ಆಗ ಸಿಂಹಾಸನದಲ್ಲಿದ್ದವಳು ಆ್ಯನ್ ರಾಣಿ, ಚರ್ಚಿನ ಸಂತಳ ಹೆಸರೂ ಆ್ಯನ್, ದುಡ್ಡು ಕೊಟ್ಟವಳೂ ಆ್ಯನ್. ಊರಿನ ಹಳೆಯ ಚರ್ಚಿನ ಪಾದ್ರಿಗಳು ಸ್ಟೂವರ್ಟ್ ರಾಜಮನೆತನದ ಪದಚ್ಯುತ ಶಾಖೆಯ ಕಡೆಗೆ ಒಲಿದಿದ್ದವರು. ಲೇಡಿ ಬ್ಲ್ಯಾಂಡ್ ಅದಕ್ಕೆ ವಿರುದ್ಧದ ವಿಗ್ ಪಕ್ಷದವಳು. ಹಾಗಾಗಿ ಹೊಸ ಚರ್ಚು, ಹೊಸ ಚೌಕ ಎರಡೂ ಹೊಸದಾಗಿ ತಲೆಯೆತ್ತುತ್ತಿದ್ದ ವ್ಯಾಪಾರಿ ವರ್ಗದ ಠಿಕಾಣಿಯಾದವು. ಎರಡು ಸಾಲು ಕಮಾನು ಕಿಟಕಿ, ನಡುವೆ ಜೋಡಿ ಅರೆಗಂಬ, ಪೂರ್ವಕ್ಕೆ ಅರ್ಧಚಂದ್ರಾಕಾರದ ಗರ್ಭಭಾಗ. ಒಳಗೆ ಬೆಳಕು ಧಾರಾಳ. ಗಾಥಿಕ್ ಚರ್ಚುಗಳ ಕತ್ತಲೆ, ಎತ್ತರ ಇಲ್ಲಿ ಇಲ್ಲ. ಲೆಕ್ಕಪತ್ರ ನೋಡುವವರ ಕಣ್ಣಿಗೆ ಒಪ್ಪುವ ಅಚ್ಚುಕಟ್ಟು ಇದೆ.

ಚೌಕದ ಮನೆಗಳಲ್ಲಿ ಮೊದಲು ಸಿರಿವಂತರು ವಾಸವಿದ್ದರು. ಹತ್ತಿಯ ದುಡ್ಡು ಹರಿದುಬಂದ ಹಾಗೆ ಮನೆಗಳು ಅಂಗಡಿ, ಕಚೇರಿ, ಬ್ಯಾಂಕುಗಳಾದವು. ಚರ್ಚಿನ ಎದುರು ಮೂಲೆಯಲ್ಲಿ 1848ರಲ್ಲಿ ಜೆ. ಇ. ಗ್ರೆಗನ್ ಕಟ್ಟಿದ ಹೇವುಡ್ ಬ್ಯಾಂಕಿನ ಕಟ್ಟಡವಿದೆ. ಇಟಲಿಯ ಶ್ರೀಮಂತ ವರ್ತಕರ ಅರಮನೆಯ ಮಾದರಿ. ಕೆಳಗೆ ಒರಟು ಕಲ್ಲಿನ ಕಟ್ಟಣೆ, ಮೇಲೆ ನುಣುಪು, ಪ್ರತಿ ಕಿಟಕಿಗೂ ತನ್ನದೇ ಚೌಕಟ್ಟು, ತಲೆಯ ಮೇಲೆ ಗಡುಸಾದ ಕಾರ್ನೀಸು. ಆ ಕಾಲದ ಮ್ಯಾಂಚೆಸ್ಟರಿನ ವರ್ತಕರಿಗೆ ಫ್ಲಾರೆನ್ಸಿನ ವರ್ತಕರೇ ಆದರ್ಶ. ಬ್ಯಾಂಕು ಮಾತ್ರವಲ್ಲ, ಬಟ್ಟೆಯ ಗೋದಾಮನ್ನೂ ಅವರು ಹೀಗೇ ಕಟ್ಟಿಸಿದರು. ಊರಿನ ಎಷ್ಟೋ ಬೀದಿಗಳಲ್ಲಿ ಅರಮನೆ ಎಂದುಕೊಂಡು ತಲೆಯೆತ್ತಿ ನೋಡುವ ಕಟ್ಟಡಗಳ ಒಳಗೆ ಒಮ್ಮೆ ಇದ್ದದ್ದು ಥಾನುಗಟ್ಟಲೆ ಬಟ್ಟೆ.

ಪಶ್ಚಿಮದ ಬದಿಯಲ್ಲಿ ಒಂದು ಸಣ್ಣ ಓಣಿಯಿದೆ. ಅದರೊಳಗೆ ಹೊಕ್ಕರೆ ಬಾರ್ಟನ್ ಆರ್ಕೇಡ್. 1871ರದ್ದು. ಇದನ್ನು ನೋಡದೆ ಯಾರೂ ಮುಂದೆ ಹೋಗಬಾರದು. ನೆಲದಿಂದ ಮೇಲಕ್ಕೆ ಸುತ್ತಲೂ ಅಂಗಡಿ, ಕಚೇರಿಗಳ ಮೊಗಸಾಲೆಗಳು, ಅವುಗಳಿಗೆ ಎರಕದ ಕಬ್ಬಿಣದ ಕಟಾಂಜನ. ಬಳ್ಳಿ, ಹೂವು, ಸುರುಳಿಗಳ ವಿನ್ಯಾಸ. ಒಂದೊಂದು ಅಂತಸ್ತು ಏರಿದ ಹಾಗೆ ಕಬ್ಬಿಣ ಹಗುರವಾಗುತ್ತ ಹೋಗಿ ಕೊನೆಗೆ ಗಾಜಿನ ಎಂಟುಮೂಲೆಯ ಗುಮ್ಮಟಗಳಲ್ಲಿ ಮುಗಿಯುತ್ತದೆ. ಈ ಕಬ್ಬಿಣವನ್ನು ಎರಕ ಹೊಯ್ದದ್ದು ಗ್ಲಾಸ್ಗೋದ ಸಾರಸೆನ್ ಫೌಂಡ್ರಿ. ಕಟಾಂಜನದ ಮೇಲೆ ಕೈಯಿಟ್ಟು ನೋಡಿದೆ. ಬಣ್ಣದ ಮೇಲೆ ಬಣ್ಣ ಬಳಿದು ಎಲೆಗಳ ನರಗಳು ತುಂಬಿಹೋಗಿವೆ, ಆದರೂ ಬೆರಳಿಗೆ ಸಿಗುತ್ತವೆ. ಮಳೆ ಬಂದರೆ ಗಾಜಿನ ಮೇಲೆ ಅದರ ಸದ್ದು ಇಡೀ ಆರ್ಕೇಡನ್ನು ತುಂಬುತ್ತದೆ. ಮಳೆಯೂರಿನಲ್ಲಿ ನೆನೆಯದೆ ಪೇಟೆ ತಿರುಗುವ ಅನುಕೂಲಕ್ಕೆ ಹುಟ್ಟಿದ ಕಟ್ಟಡವಿದು. ಅಷ್ಟು ಸಾದಾ ಕಾರಣಕ್ಕೆ ಇಷ್ಟು ಸೊಗಸು ತಂದರಲ್ಲ ಎಂದು ನನಗೆ ಆ ಕಮ್ಮಾರರ ಮೇಲೆ ಅಕ್ಕರೆ.

ಈಗ ಎಕ್ಸ್‌ಚೇಂಜಿಗೆ ಬರೋಣ. ಇಂದಿನ ಕಟ್ಟಡ ಮೊದಲನೆಯದಲ್ಲ. 1729ರಲ್ಲಿ ಜಹಗೀರುದಾರ ಸರ್ ಓಸ್ವಾಲ್ಡ್ ಮೋಸ್ಲಿ ಹತ್ತಿರದ ಮಾರುಕಟ್ಟೆಯಲ್ಲಿ ಒಂದು ಎಕ್ಸ್‌ಚೇಂಜ್ ಕಟ್ಟಿಸಿದ್ದ. ವ್ಯಾಪಾರಿಗಳಿಗೆ ಅದು ರುಚಿಸಲಿಲ್ಲ, ಬೀದಿಯಲ್ಲೇ ನಿಂತು ಮಾತಾಡುವುದು ಅವರಿಗೆ ರೂಢಿ. 1792ರಲ್ಲಿ ಅದನ್ನು ಕೆಡವಿದರು. ಎರಡನೆಯದನ್ನು ಥಾಮಸ್ ಹ್ಯಾರಿಸನ್ ಗ್ರೀಕ್ ಶೈಲಿಯ ಕಂಬಗಳ ಅರ್ಧವೃತ್ತದ ಮುಂಭಾಗ ಕೊಟ್ಟು ಕಟ್ಟಿದ. ಅದು 1809ರಲ್ಲಿ ತೆರೆಯಿತು. 1851ರಲ್ಲಿ ವಿಕ್ಟೋರಿಯಾ ರಾಣಿ ಊರಿಗೆ ಬಂದುಹೋದ ಮೇಲೆ ಹೆಸರಿನ ಮುಂದೆ ‘ರಾಯಲ್’ ಸೇರಿತು. ಅದೂ ಸಾಲದಾಯಿತು. 1867ರಿಂದ 1874ರ ನಡುವೆ ಮಿಲ್ಸ್ ಮತ್ತು ಮರ್ಗಟ್ರಾಯ್ಡ್ ಜೋಡಿ ಮೂರನೆಯದನ್ನು ಕಟ್ಟಿದರು. ಮತ್ತೆ ಸಾಲದೆ 1914ರಲ್ಲಿ ವಿಸ್ತರಣೆ ಶುರುವಾಗಿ, ನಡುವೆ ಮಹಾಯುದ್ಧ ಬಂದು, 1921ರ ಅಕ್ಟೋಬರಿನಲ್ಲಿ ಐದನೇ ಜಾರ್ಜ್ ದೊರೆ ಅದನ್ನು ಉದ್ಘಾಟಿಸಿದ. ಆ ಹೊತ್ತಿಗೆ ಸದಸ್ಯರ ಸಂಖ್ಯೆ 11,000 ದಾಟಿತ್ತು. ವ್ಯಾಪಾರದ ಕೋಣೆಗಳಲ್ಲಿ ಜಗತ್ತಿನಲ್ಲೇ ದೊಡ್ಡದು ಎಂಬ ಹೆಸರೂ ಬಂತು.

ಮಂಗಳವಾರ, ಶುಕ್ರವಾರ ಇಲ್ಲಿ ದೊಡ್ಡ ಸಂತೆ. ಓಲ್ಡಮ್, ಬೋಲ್ಟನ್, ಬ್ಲ್ಯಾಕ್‌ಬರ್ನ್, ಬರ್ನ್ಲಿಗಳಿಂದ ರೈಲಿನಲ್ಲಿ ಗಿರಣಿಯವರು ಬಂದಿಳಿಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಕರಿ ಕೋಟು, ಟೊಪ್ಪಿಗೆಗಳಿಂದ ಗಿಜಿಗುಟ್ಟುತ್ತಿತ್ತು. ಮೇಜು ಇಲ್ಲ, ಕುರ್ಚಿ ಇಲ್ಲ, ಸರಕೂ ಇಲ್ಲ. ಎಲ್ಲ ನಿಂತೇ. ಕಂಬಗಳಿಗೆ ಅಕ್ಷರ, ಅಂಕಿ ಇರುತ್ತಿದ್ದವು. ಇಂಥ ವ್ಯಾಪಾರಿ ಇಂಥ ಕಂಬದ ಹತ್ತಿರ ಸಿಗುತ್ತಾನೆ ಎಂದು ಎಲ್ಲರಿಗೂ ಗೊತ್ತು. ನೂಲಿನವನು, ನೇಯುವವನು, ಬಣ್ಣ ಹಾಕುವವನು, ರಫ್ತು ಮಾಡುವವನು, ವಿಮೆಯವನು ಎಲ್ಲರೂ ಹತ್ತು ಹೆಜ್ಜೆಯಲ್ಲಿ ಸಿಗುವಾಗ ಒಂದು ಮಾತಿನಲ್ಲಿ ಸಾವಿರಾರು ಪೌಂಡಿನ ಸವದಾ ಮುಗಿಯುತ್ತಿತ್ತು. ಕಾಗದಪತ್ರ ಆಮೇಲೆ. ಹುಬ್ಬಳ್ಳಿಯ ಅಡತಿ ಅಂಗಡಿಗಳಲ್ಲಿ ದಲಾಲರು ಬಾಯಿಮಾತಿನ ಮೇಲೆ ವ್ಯವಹಾರ ನಡೆಸುವುದನ್ನು ನೋಡಿದವರಿಗೆ ಇದು ಹೊಸದಲ್ಲ. ನಂಬಿಕೆ ಕೆಟ್ಟರೆ ಅಂಥವನಿಗೆ ಪೇಟೆಯಲ್ಲಿ ಜಾಗವಿಲ್ಲ, ಅಲ್ಲೂ ಇಲ್ಲೂ. ಎಕ್ಸ್‌ಚೇಂಜಿನ ಗುಮ್ಮಟದ ಒಳಸುತ್ತಿಗೆ, ಸಿರಿಗಿಂತ ಒಳ್ಳೆಯ ಹೆಸರು ಮೇಲೆಂಬ ಅರ್ಥದ ಬೈಬಲ್ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಒಂದು ಮಾತು ಸ್ಪಷ್ಟಪಡಿಸಬೇಕು. ಇಲ್ಲಿ ಮುಖ್ಯವಾಗಿ ನಡೆದದ್ದು ನೂಲು, ಬಟ್ಟೆಯ ವ್ಯಾಪಾರ. ಅರಳೆಯ ಖರೀದಿ ಬಹಳ ಕಾಲ ಲಿವರ್‌ಪೂಲ್ ಬಂದರಿನ ದಲಾಲರ ಕೈಯಲ್ಲಿತ್ತು. ಆ ಹಂಗು ತಪ್ಪಿಸಿಕೊಳ್ಳಲು ಮ್ಯಾಂಚೆಸ್ಟರಿನವರು ಸಮುದ್ರದಿಂದ ತಮ್ಮೂರಿಗೇ ಕಾಲುವೆ ತೋಡಿ 1894ರಲ್ಲಿ ಹಡಗು ತಂದರು. ಅದೇ ವರ್ಷ ಮ್ಯಾಂಚೆಸ್ಟರ್ ಕಾಟನ್ ಅಸೋಸಿಯೇಷನ್ ಹುಟ್ಟಿತು. ಅದರ ನೂರು ವರ್ಷದ ನೆನಪಿಗೆ ಪೀಟರ್ ರ್‍ಯಾಂಡಲ್-ಪೇಜ್ ಎಂಬ ಶಿಲ್ಪಿ ಚೌಕಕ್ಕೊಂದು ಗ್ರಾನೈಟಿನ ಕಾರಂಜಿ ಮಾಡಿಕೊಟ್ಟ. ಹತ್ತಿಯ ಮೊಗ್ಗಿನ ಆಕಾರ. ಎರೆಹೊಲದಲ್ಲಿ ಹತ್ತಿ ಬಿಡಿಸಿದ ಕೈಗಳಿಗೆ ಆ ಉಬ್ಬು ತಕ್ಷಣ ಗುರುತು ಸಿಗುತ್ತದೆ.

ಆ ಅರಳೆ ಎಲ್ಲಿಂದ ಬರುತ್ತಿತ್ತು? ದೊಡ್ಡ ಪಾಲು ಅಮೆರಿಕದ ದಕ್ಷಿಣ ರಾಜ್ಯಗಳಿಂದ, ಗುಲಾಮರು ಬೆಳೆದು ಬಿಡಿಸಿದ್ದು. ಚೌಕದ ಸಂಪತ್ತಿನ ತಳದಲ್ಲಿ ಅದು ಇದೆ. ಎಕ್ಸ್‌ಚೇಂಜಿನ ಇನ್ನೊಂದು ಬದಿಯ ಕ್ರಾಸ್ ಸ್ಟ್ರೀಟಿನಲ್ಲಿ ದಶಕಗಳ ಕಾಲ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಕಚೇರಿಯಿತ್ತು. 1821ರಲ್ಲಿ ಅದನ್ನು ಸ್ಥಾಪಿಸಿದ ಜಾನ್ ಎಡ್ವರ್ಡ್ ಟೇಲರ್ ಹತ್ತಿಯ ವ್ಯಾಪಾರಿ. ಅವನಿಗೂ ಅವನ ಬೆಂಬಲಿಗರಿಗೂ ಗುಲಾಮಗಿರಿಯೊಂದಿಗಿದ್ದ ಸಂಬಂಧಕ್ಕಾಗಿ ಪತ್ರಿಕೆಯ ಒಡೆತನದ ಸ್ಕಾಟ್ ಟ್ರಸ್ಟ್ 2023ರಲ್ಲಿ ಕ್ಷಮೆ ಕೇಳಿತು. ತಡವಾದರೂ ಕೇಳಿದ್ದು ಸರಿ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿತು. ಅರಳೆ ನಿಂತಿತು, ಗಿರಣಿಗಳು ನಿಂತವು, ಲ್ಯಾಂಕಾಶೈರಿನ ಲಕ್ಷಾಂತರ ಕೂಲಿಗಳು ಗಂಜಿಗೆ ಸಾಲು ನಿಂತರು. ಹಾಗಿದ್ದೂ 1862ರ ಕೊನೆಯ ದಿನ ಊರಿನ ಫ್ರೀ ಟ್ರೇಡ್ ಹಾಲಿನಲ್ಲಿ ಕೂಡಿದ ದುಡಿಯುವ ಜನ ಗುಲಾಮಗಿರಿಯ ವಿರುದ್ಧ, ಲಿಂಕನ್ನನ ಪರ ನಿಂತು ಪತ್ರ ಬರೆದರು. 1863ರ ಜನವರಿಯಲ್ಲಿ ಲಿಂಕನ್ ಉತ್ತರ ಕಳಿಸಿದ. ಅವನ ಪ್ರತಿಮೆ ಈ ಚೌಕದಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಹೊಟ್ಟೆಗಿಲ್ಲದ ಹೊತ್ತಿನಲ್ಲಿ ತೆಗೆದುಕೊಂಡ ಆ ನಿಲುವಿಗಿಂತ ದೊಡ್ಡದನ್ನು ಈ ಊರು ಮಾಡಿದ್ದು ನನಗೆ ತಿಳಿಯದು.

ಎಕ್ಸ್‌ಚೇಂಜಿನ ಧನಿಗಳು ಮಾತ್ರ ಬೇರೆ ದಿಕ್ಕಿಗೆ ನೋಡುತ್ತಿದ್ದರು. ಅವರ ಕಣ್ಣು ಬಿದ್ದದ್ದು ಧಾರವಾಡದ ಎರೆಭೂಮಿಯ ಮೇಲೆ.

ಅದಕ್ಕೆ ಹಿನ್ನೆಲೆಯಿತ್ತು. 1840ರ ದಶಕದಲ್ಲಿ ಕುಂಪಣಿ ಸರಕಾರ ಅಮೆರಿಕದ ಬೀಜ, ಅಮೆರಿಕದ ಪ್ಲಾಂಟರುಗಳನ್ನು ಭಾರತಕ್ಕೆ ತರಿಸಿ ಹಲವು ಕಡೆ ಹತ್ತಿ ಬೆಳೆಸಿ ನೋಡಿತು. ಹೆಚ್ಚಿನ ಕಡೆ ಬೆಳೆ ಕೈಕೊಟ್ಟಿತು. ಧಾರವಾಡ ಸೀಮೆಯಲ್ಲಿ ಹಿಡಿಯಿತು. ಆಗ ಕಲೆಕ್ಟರನಾಗಿದ್ದ ಶಾ ಎಂಬವನ ಮುತುವರ್ಜಿ ಒಂದು ಕಾರಣ, ಹುಬ್ಬಳ್ಳಿ, ಗದಗ ಕಡೆಯ ಕರಿಮಣ್ಣು, ಎರಡೂ ಮಳೆಗಾಲದ ಹದ ಇನ್ನೊಂದು ಕಾರಣ. ಜವಾರಿ ಹತ್ತಿಯ ಪಕ್ಕದಲ್ಲಿ ವಿಲಾಯತಿ ಹತ್ತಿ ಬೆಳೆಯತೊಡಗಿತು. ಜವಾರಿ ಹತ್ತಿಯ ಕಾಳು ಬಿಡಿಸುವುದು ಹೆಂಗಸರ ಕೆಲಸ. ತಗ್ಗಿನ ಮಣೆಯ ಮೇಲೆ ಕೂತು, ಮುಂದೆ ಚಪ್ಪಟೆ ಕಲ್ಲಿಟ್ಟು, ಅದರ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಹಿಂದೆ ಮುಂದೆ ಉರುಳಿಸಿದರೆ ಕಾಳು ಒಂದು ಕಡೆ ಸಿಡಿದು ಅರಳೆ ಒಂದು ಕಡೆ ಉಳಿಯುತ್ತಿತ್ತು. ವಿಲಾಯತಿ ಹತ್ತಿಯ ಕಾಳು ಅರಳೆಯನ್ನು ಬಿಗಿಯಾಗಿ ಹಿಡಿದಿರುತ್ತದೆ, ಅಂಗಾಲಿಗೆ ಬಗ್ಗುವುದಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಆ ಜಿನ್‌ಗಳನ್ನು ಮಾಡಲು, ರಿಪೇರಿ ಮಾಡಲು ಧಾರವಾಡದಲ್ಲೇ ಸರಕಾರಿ ಕಾರ್ಖಾನೆ ಶುರುವಾಯಿತು.

ಬಿಡಿಸಿದ ಅರಳೆ ಸಮುದ್ರ ಮುಟ್ಟುವುದು ಇನ್ನೂ ಕಷ್ಟದ ಕೆಲಸ. ಹೇರೆತ್ತುಗಳ ಬೆನ್ನ ಮೇಲೆ, ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರಬೇಕು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಅಲ್ಲಿ ಒತ್ತಿ ಗಟ್ಟಿ ಮಾಡಿ ಹಡಗಿನಲ್ಲಿ ಲಿವರ್‌ಪೂಲಿಗೆ. ದಾರಿಯಲ್ಲಿ ಧೂಳು, ಮಳೆ, ಜೊತೆಗೆ ತೂಕ ಹೆಚ್ಚಿಸಲು ಬೆರೆಸುವ ಕಾಳು, ನೀರು. ಈ ಕಲಬೆರಕೆಯ ವಿರುದ್ಧ ಮುಂಬಯಿ ಸರಕಾರ 1863ರಲ್ಲಿ ಕಾಯಿದೆಯನ್ನೇ ತಂದಿತು. ಹೀಗೆಲ್ಲ ಪಾಡುಪಟ್ಟು ಬಂದ ಜವಾರಿ ಹತ್ತಿಗೆ ಲ್ಯಾಂಕಾಶೈರಿನ ದರಪಟ್ಟಿಗಳಲ್ಲಿ ಇದ್ದ ಹೆಸರು ‘ಕೂಂಪ್ಟಾ’. ನಮ್ಮ ಉತ್ತರ ಕನ್ನಡದ ಕುಮಟಾ. ವಿಲಾಯತಿ ಜಾತಿಯದ್ದು ‘ಧಾರ್ವಾರ್’. ಒಮ್ಮೆಯೂ ಹತ್ತಿ ಬೆಳೆಯದ, ಬರೀ ಹತ್ತಿ ಏರಿಸಿ ಕಳಿಸಿದ ಕಡಲೂರಿನ ಹೆಸರನ್ನು ಇಂಗ್ಲೆಂಡಿನ ಗಿರಣಿಯವರು ನಿತ್ಯ ಉಚ್ಚರಿಸುತ್ತಿದ್ದರು ಎಂದು ಮೊದಲು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಮ್ಯಾಂಚೆಸ್ಟರಿನಲ್ಲಿ 1857ರಲ್ಲೇ ಕಾಟನ್ ಸಪ್ಲೈ ಅಸೋಸಿಯೇಷನ್ ಹುಟ್ಟಿತ್ತು, ಅಮೆರಿಕವೊಂದನ್ನೇ ನಂಬಬಾರದೆಂದು. 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಸಂಸ್ಥೆಯನ್ನೇ ಕಟ್ಟಿದರು. ಧಾರವಾಡದ ರೈತರಿಂದ ನೇರವಾಗಿ ಹತ್ತಿ ಕೊಂಡು, ಕಾಳಿ ನದಿಯ ಅಳಿವೆಯಲ್ಲಿ, ಕಾರವಾರದ ಪಕ್ಕದ ಸದಾಶಿವಗಡದಲ್ಲಿ ಒತ್ತುಯಂತ್ರ ಹಾಕಿ, ಅಲ್ಲಿಂದಲೇ ಇಂಗ್ಲೆಂಡಿಗೆ ಕಳಿಸುವುದು ಅವರ ಹಂಚಿಕೆ. ಅವರ ಕಾರ್ಯದರ್ಶಿ ಹೇವುಡ್ ಸ್ವತಃ ಬಂದು ಸೀಮೆ ಸುತ್ತಿ ನೋಡಿದ. ಅಲ್ಲಿತನಕ ಉತ್ತರ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿತ್ತು, ಧಾರವಾಡ ಮುಂಬಯಿಗೆ. ಹೊಲ ಒಂದು ಸರಕಾರದ್ದು, ಬಂದರು ಇನ್ನೊಂದು ಸರಕಾರದ್ದು ಆದರೆ ರಸ್ತೆ ಆಗುವುದಿಲ್ಲ ಎಂದು ಹತ್ತಿಯ ಧನಿಗಳು ಒತ್ತಡ ತಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮುಂಬಯಿಗೆ ಸೇರಿಸಿದರು. ಕಾರವಾರ ಜಿಲ್ಲಾಕೇಂದ್ರವಾಗಿ ಬೆಳೆಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ರಾಜ್ಯ ಒಂದಾಗುವ ತನಕ ಎರಡು ಕನ್ನಡ ಜಿಲ್ಲೆಗಳು ಎರಡು ಆಡಳಿತಗಳಲ್ಲಿ ಬಾಳಿದವು. ಅವುಗಳ ನಡುವೆ ಗೆರೆ ಎಳೆದ ಕೈಗಳಲ್ಲಿ ಈ ಎಕ್ಸ್‌ಚೇಂಜಿನ ಕೈಯೂ ಇತ್ತು.

ಕಂಪನಿಯ ಯಂತ್ರಗಳು ಸದಾಶಿವಗಡಕ್ಕೆ ಬಂದವು. ಇಳಿಸಲು ಧಕ್ಕೆಯಿಲ್ಲ, ಘಟ್ಟದ ರಸ್ತೆ ಮುಗಿದಿಲ್ಲ. ಸರಕಾರ ಮಾತು ಕೊಟ್ಟಂತೆ ನಡೆಯಲಿಲ್ಲ ಎಂದು ಮ್ಯಾಂಚೆಸ್ಟರಿನವರು ದೂರಿದರು. ಯುದ್ಧ ಮುಗಿದು 1865ರಲ್ಲಿ ಅಮೆರಿಕದ ಹತ್ತಿ ಮತ್ತೆ ಬರತೊಡಗಿತು, ಬೆಲೆ ಕುಸಿಯಿತು. ಕಂಪನಿಯೂ ಉಳಿಯಲಿಲ್ಲ. ಹತ್ತಿಯ ಬೆಲೆ ಮುಗಿಲಿಗೇರಿದ ಆ ನಾಲ್ಕು ವರ್ಷಗಳಲ್ಲಿ ಧಾರವಾಡ ಸೀಮೆಯ ಒಕ್ಕಲಿಗರ ಕೈಯಲ್ಲಿ ಹಿಂದೆಂದೂ ಕಾಣದ ರೊಕ್ಕ ಓಡಾಡಿತ್ತು. ಬೆಲೆ ಬಿದ್ದಾಗ ಸಾಲ ಮಾತ್ರ ಉಳಿಯಿತು. ಎಕ್ಸ್‌ಚೇಂಜಿನ ನೆಲದ ಮೇಲೆ ನಿಂತವರ ಒಂದು ತಲೆಯಾಡಿಕೆ ನರಗುಂದದ, ನವಲಗುಂದದ ಮನೆಗಳ ಕಣಜಕ್ಕೆ ಮುಟ್ಟುತ್ತಿತ್ತು. ನಿಂತವರು ಆ ಮನೆಗಳನ್ನು ಕಂಡವರಲ್ಲ, ಆ ಮನೆಯವರಿಗೆ ಇವರ ಹೆಸರೂ ಗೊತ್ತಿಲ್ಲ.

ಚೌಕದಲ್ಲಿ ರಿಚರ್ಡ್ ಕಾಬ್ಡೆನ್ನನ ಕಂಚಿನ ಪ್ರತಿಮೆಯಿದೆ, 1867ರದ್ದು, ಮಾರ್ಷಲ್ ವುಡ್ ಮಾಡಿದ್ದು. ಕಾಬ್ಡೆನ್ ಚೀಟಿ ಬಟ್ಟೆ ಅಚ್ಚು ಹಾಕುವ ವ್ಯಾಪಾರಿ. ಧಾನ್ಯದ ಆಮದಿನ ಮೇಲಿದ್ದ ಸುಂಕದ ವಿರುದ್ಧ ಇಲ್ಲಿಂದ ಚಳವಳಿ ಕಟ್ಟಿ ಗೆದ್ದವನು. ಬಡವರ ರೊಟ್ಟಿ ಅಗ್ಗವಾಗಲಿ, ದೇಶ ದೇಶಗಳ ನಡುವೆ ವ್ಯಾಪಾರ ಮುಕ್ತವಾಗಲಿ ಎಂದ ಅವನ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಆದರೆ ಅವನ ಊರಿನವರು ಆ ತತ್ವವನ್ನು ಭಾರತಕ್ಕೆ ಅನ್ವಯಿಸಿದ ಬಗೆ ನ್ಯಾಯದ್ದಲ್ಲ. ಲ್ಯಾಂಕಾಶೈರಿನ ಒತ್ತಾಯಕ್ಕೆ ಮಣಿದು 1882ರಲ್ಲಿ ವಿಲಾಯತಿ ಬಟ್ಟೆಯ ಮೇಲಿನ ಆಮದು ಸುಂಕ ತೆಗೆದರು. ಮತ್ತೆ ಸುಂಕ ಹಾಕಲೇಬೇಕಾಗಿ ಬಂದಾಗ, ಅದಕ್ಕೆ ಸಮನಾಗಲಿ ಎಂದು 1896ರಲ್ಲಿ ಭಾರತದ ಗಿರಣಿ ಬಟ್ಟೆಯ ಮೇಲೂ ಶೇಕಡಾ 3.5 ಅಬಕಾರಿ ಸುಂಕ ಹೇರಿದರು. ನಮ್ಮ ನೆಲದಲ್ಲಿ ನಮ್ಮ ಹತ್ತಿಯಿಂದ ನೇಯ್ದ ಬಟ್ಟೆಗೆ ಪರದೇಶದ ಬಟ್ಟೆಯಷ್ಟೇ ಸುಂಕ! ಅದು ಹೋಗಲು ಇನ್ನು ಮೂವತ್ತು ವರ್ಷ ಬೇಕಾಯಿತು.

ಆ ಬಟ್ಟೆಗಳ ಮೇಲೆ ಅಂಟಿಸುತ್ತಿದ್ದ ಚೀಟಿಗಳನ್ನು ಒಮ್ಮೆ ನೋಡಬೇಕು. ಮ್ಯಾಂಚೆಸ್ಟರಿನಲ್ಲೇ ಅಚ್ಚಾದವು. ಕೃಷ್ಣ, ಲಕ್ಷ್ಮಿ, ಆನೆ, ನವಿಲು, ರಾಜರು. ಕೆಂಪು, ಹಸಿರು, ಮೇಲೆ ಬಂಗಾರದ ಬಣ್ಣದ ಹೊಳಪು. ಓದು ಬಾರದ ಗಿರಾಕಿ ಚಿತ್ರ ನೋಡಿ ಮಾಲು ಗುರುತಿಸಲಿ ಎಂದು. ದೇವರ ಚಿತ್ರವಾದ್ದರಿಂದ ಎಷ್ಟೋ ಮನೆಗಳಲ್ಲಿ ಅವನ್ನು ಕಿತ್ತು ಗೋಡೆಗೆ ಹಚ್ಚಿ ಕೈಮುಗಿದರು. 1913ರಲ್ಲಿ ಬ್ರಿಟನ್ ರಫ್ತು ಮಾಡಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ, ಅದರಲ್ಲಿ ಶೇಕಡಾ 40ಕ್ಕೂ ಹೆಚ್ಚು ಭಾರತಕ್ಕೆ. ಗುಳೇದಗುಡ್ಡ, ಇಳಕಲ್ಲು, ಬೆಟಗೇರಿಯ ಮಗ್ಗಗಳು ಈ ಪ್ರವಾಹದ ಎದುರು ಉಳಿದದ್ದೇ ಹೆಚ್ಚು.

ರಫ್ತಿಗೆ 1913ರದೇ ಶಿಖರ. ಮಹಾಯುದ್ಧದ ನಂತರ ಮುಂಬಯಿ, ಅಹಮದಾಬಾದ್, ಜಪಾನಿನ ಗಿರಣಿಗಳು ಮೇಲೆದ್ದವು, ಸ್ವದೇಶಿ ಚಳವಳಿ ಬಲಗೊಂಡಿತು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಲ್ಯಾಂಕಾಶೈರಿಗೇ ಬಂದು, ಕೆಲಸ ಕಳೆದುಕೊಂಡ ಗಿರಣಿ ಕೂಲಿಗಳ ನಡುವೆ ನಿಂತು ಭಾರತದ ಬಡತನದ ಮಾತಾಡಿದರು. ಕೂಲಿಗಳು ಅವರನ್ನು ಸುತ್ತುವರಿದು ಜಯಕಾರ ಹಾಕಿದರು. 1921ರಲ್ಲಿ ಅಷ್ಟು ವೈಭವದಿಂದ ತೆರೆದ ಸಭಾಂಗಣ ಪ್ರತಿವರ್ಷ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತ ಹೋಯಿತು. 1940ರ ಕ್ರಿಸ್‌ಮಸ್ ಹೊತ್ತಿಗೆ ಜರ್ಮನ್ ವಿಮಾನಗಳ ಬಾಂಬು ಬಿದ್ದು ಕಟ್ಟಡದ ದೊಡ್ಡ ಭಾಗ ಹಾಳಾಯಿತು. ರಿಪೇರಿ ಮಾಡಿ 1953ರಲ್ಲಿ ತೆರೆದರು, ಮೊದಲಿಗಿಂತ ಚಿಕ್ಕ ಸಭಾಂಗಣ, ಗಡಿಯಾರ ಗೋಪುರದ ತುದಿ ಮೊದಲಿಗಿಂತ ಸರಳ. 1968ರಲ್ಲಿ ವ್ಯಾಪಾರ ನಿಂತೇಹೋಯಿತು.

ಒಳಗೆ ಹೋದರೆ ಗೋಡೆಯ ಎತ್ತರದಲ್ಲಿ ದರದ ಹಲಗೆ ಹಾಗೆಯೇ ಇದೆ. ಕೊನೆಯ ದಿನದ ಮುಕ್ತಾಯದ ದರಗಳು ಅದರ ಮೇಲೆ ಇದ್ದಲ್ಲೇ ಇವೆ, ಯಾರೂ ಅಳಿಸಿಲ್ಲ. ಕತ್ತೆತ್ತಿ ಅಂಕಿಗಳನ್ನು ಓದುತ್ತ ನಿಂತರೆ, ಹಿಂದಿನಿಂದ ಕಾಫಿ ಕಪ್ಪುಗಳ ಸದ್ದು, ನಾಟಕಕ್ಕೆ ಬಂದವರ ಮಾತು.

ಹೌದು, ನಾಟಕ. 1976ರ ಸೆಪ್ಟೆಂಬರಿನಲ್ಲಿ ನಟ ಲಾರೆನ್ಸ್ ಒಲಿವಿಯರ್ ಇಲ್ಲಿ ರಂಗಮಂದಿರ ಉದ್ಘಾಟಿಸಿದರು. ಸಭಾಂಗಣದ ನಡುವೆ ಉಕ್ಕು, ಗಾಜಿನ ಏಳು ಬದಿಯ ಒಂದು ರಂಗಮಂದಿರ ಕೂತಿದೆ. ಹಳೆಯ ನೆಲ ಅದರ ಭಾರ ತಾಳುವುದಿಲ್ಲ. ಆದ್ದರಿಂದ ಸುಮಾರು 150 ಟನ್ ತೂಕದ ಅದನ್ನು, ನಡುಗುಮ್ಮಟ ಹೊತ್ತ ನಾಲ್ಕು ಭಾರೀ ಕಂಬಗಳಿಗೆ ಉಕ್ಕಿನ ತೊಲೆ ಕೊಟ್ಟು ತೂಗುಹಾಕಿದ್ದಾರೆ. ಕಲ್ಪನೆ ರಂಗವಿನ್ಯಾಸಕ ರಿಚರ್ಡ್ ನೆಗ್ರಿಯದ್ದು, ಕಟ್ಟಿದವರು ಲೆವಿಟ್ ಬರ್ನ್‌ಸ್ಟೀನ್ ವಾಸ್ತುಶಿಲ್ಪಿಗಳು. ರಂಗ ನಟ್ಟನಡುವೆ, ಸುತ್ತಲೂ, ಮೇಲಿನ ಎರಡು ಸುತ್ತುಗಳಲ್ಲೂ ಪ್ರೇಕ್ಷಕರು. ಸುಮಾರು 700 ಜನ ಕೂತರೂ ಯಾರೂ ನಟರಿಂದ ಹತ್ತು ಮೀಟರಿಗಿಂತ ದೂರವಿಲ್ಲ. ನಮ್ಮ ಬಯಲಾಟದಲ್ಲಿ ಮುಂದಿನ ಸಾಲಿಗೆ ಕೂತಾಗ ನಟನ ಬೆವರು ಕಾಣುತ್ತದಲ್ಲ, ಆ ಹತ್ತಿರ ಇಲ್ಲಿ ಎಲ್ಲರಿಗೂ ಸಿಗುತ್ತದೆ. ಹಳೆಯದನ್ನು ಕೆಡವದೆ, ಮ್ಯೂಸಿಯಂ ಮಾಡಿ ಬೀಗ ಹಾಕದೆ, ಅದರೊಳಗೇ ಹೊಸ ಬದುಕನ್ನು ತೂಗುಹಾಕಿದ ಈ ಉಪಾಯದಷ್ಟು ನನ್ನನ್ನು ಈ ಚೌಕದಲ್ಲಿ ಮತ್ತೇನೂ ಮೆಚ್ಚಿಸಿಲ್ಲ. ಗದಗ, ಹುಬ್ಬಳ್ಳಿಗಳ ಹಳೆಯ ಹತ್ತಿ ಗೋದಾಮು, ಜಿನ್ನಿಂಗ್ ಫ್ಯಾಕ್ಟರಿಗಳನ್ನು ನೆಲಸಮ ಮಾಡುವ ಮೊದಲು ನಮ್ಮವರು ಒಮ್ಮೆ ಇದನ್ನು ನೋಡಬೇಕು.

1996ರ ಜೂನ್ 15, ಶನಿವಾರ ಬೆಳಗ್ಗೆ ಪಕ್ಕದ ಕಾರ್ಪೊರೇಷನ್ ಸ್ಟ್ರೀಟಿನಲ್ಲಿ ಐರಿಷ್ ರಿಪಬ್ಲಿಕನ್ ಆರ್ಮಿಯ ಬಾಂಬು ಸಿಡಿಯಿತು. ಲಾರಿಯಲ್ಲಿದ್ದ ಸ್ಫೋಟಕ ಸುಮಾರು 1,500 ಕಿಲೋ. ಮುನ್ಸೂಚನೆ ಬಂದಿದ್ದರಿಂದ ಸುಮಾರು 75,000 ಜನರನ್ನು ಹೊರಗೆ ಕಳಿಸಲಾಗಿತ್ತು. 200ಕ್ಕೂ ಹೆಚ್ಚು ಜನಕ್ಕೆ ಗಾಯವಾಯಿತು, ಒಂದು ಜೀವವೂ ಹೋಗಲಿಲ್ಲ. ಎಕ್ಸ್‌ಚೇಂಜಿನ ಗಾಜು, ಗುಮ್ಮಟ ಪೆಟ್ಟು ತಿಂದವು. ನಾಟಕದವರು ಎರಡು ವರ್ಷಕ್ಕೂ ಹೆಚ್ಚು ಬೇರೆ ಕಡೆ ಬಿಡಾರ ಹೂಡಿ, 1998ರ ನವೆಂಬರಿನಲ್ಲಿ ವಾಪಸು ಬಂದರು. ಅದೇ ಹೊತ್ತಿಗೆ, ಬಾಂಬಿನ ನಂತರದ ಮರುಕಟ್ಟಣೆಯ ಭಾಗವಾಗಿ, 16ನೇ ಶತಮಾನದ ಮರದ ಕಟ್ಟಡವಾದ ಓಲ್ಡ್ ವೆಲಿಂಗ್ಟನ್ ಛತ್ರವನ್ನು ತೊಲೆ ತೊಲೆಯಾಗಿ ಬಿಚ್ಚಿ, ಕ್ಯಾಥೆಡ್ರಲ್ ಹತ್ತಿರ ಮತ್ತೆ ಜೋಡಿಸಿದರು. 2017ರ ಮೇ 22ರ ರಾತ್ರಿ ಊರಿನ ಅರೀನಾ ಎಂಬ ದೊಡ್ಡ ಸಭಾಂಗಣದ ಸಂಗೀತ ಕಾರ್ಯಕ್ರಮದಲ್ಲಿ ಬಾಂಬು ಸಿಡಿದು 22 ಜನ ಸತ್ತಾಗ, ಜನ ಹೂ ತಂದು ಸುರಿದದ್ದು ಇದೇ ಸೇಂಟ್ ಆ್ಯನ್ಸ್ ಚೌಕದಲ್ಲಿ. ಹೊಲವಾಗಿದ್ದಾಗ ಜಾತ್ರೆಗೆ ಬಿಟ್ಟ ಆ ಖಾಲಿ ಜಾಗ ತುಂಬಾ ಹೂ, ಮೇಣದಬತ್ತಿ, ಬಲೂನು, ಮಕ್ಕಳ ಗೊಂಬೆ. ಮೂರನೇ ದಿನ ಒಂದು ನಿಮಿಷದ ಮೌನ ಮುಗಿದಾಗ ಗುಂಪಿನಿಂದ ಒಬ್ಬಾಕೆ ಹಾಡತೊಡಗಿದಳು, ಉಳಿದವರು ದನಿಗೂಡಿಸಿದರು.

ನನ್ನದೊಂದು ಆಸೆಯಿದೆ. ಎಕ್ಸ್‌ಚೇಂಜಿನ ದರದ ಹಲಗೆಯ ಕೆಳಗೆ, ಆ ಅಂಕಿಗಳ ಹಿಂದೆ ಇದ್ದ ಊರುಗಳ ಹೆಸರಿನ ಒಂದು ಫಲಕ ಬರಬೇಕು. ಅಮೆರಿಕದ ಮಿಸಿಸಿಪ್ಪಿ, ಈಜಿಪ್ಟಿನ ನೈಲ್ ದಂಡೆಗಳ ಜೊತೆ ಧಾರವಾಡ, ಕುಮಟಾ, ಸದಾಶಿವಗಡ ಅದರಲ್ಲಿ ಇರಬೇಕು. ಕಲ್ಲಿನ ಮೇಲೆ ಸಲಾಕೆ ಉರುಳಿಸಿದ ಹೆಂಗಸರ ಮಾತು ಬರಬೇಕು. ಅಂಥದ್ದೇ ಒಂದು ಫಲಕ, ಕನ್ನಡದಲ್ಲಿ, ಕುಮಟಾದ ಹಳೆಯ ಬಂದರಿನಲ್ಲೂ ಕಾಳಿ ನದಿಯ ಅಳಿವೆಯಲ್ಲೂ ನಿಲ್ಲಬೇಕು: ಇಲ್ಲಿಂದ ಹೋದ ಹತ್ತಿ ಎಲ್ಲಿಗೆ ಹೋಯಿತು, ಅದಕ್ಕೆ ಬೆಲೆ ಕಟ್ಟಿದವರು ಯಾರು, 1862ರಲ್ಲಿ ಈ ಜಿಲ್ಲೆಯ ಗಡಿ ಯಾಕೆ ಬದಲಾಯಿತು ಎಂದು ಶಾಲೆಗೆ ಹೋಗುವ ಮಕ್ಕಳು ಓದುವ ಹಾಗೆ.